ಬೋರ್ಡಿನಲ್ಲಿ ಹಿಂದಿರುವ ಹುಡುಗಿ

ಫೆಬ್ರವರಿ ೩
ಮೊದಲನೆಯ ದೇಶ, ಹೋಟೆಲಿನ ಮೂರನೇ ಮಹಡಿ

ಮಗಳೇ,

ಬಂದು ಮುಟ್ಟಿದ್ದೇನೆ. ಮೈ ಚೆನ್ನಾಗಿದೆ, ತಲೆ ಕೆಟ್ಟಿದೆ. ನಿವೃತ್ತನಾದ ಮೇಲೂ ರಸ್ತೆ ಇಲಾಖೆ ನನ್ನನ್ನು ನೆನೆಸಿಕೊಂಡು ನಾಲ್ಕು ದೇಶ ತೋರಿಸುತ್ತಿದೆ ಎಂದು ನಿನ್ನ ಅಮ್ಮ ಬೀದಿಯೆಲ್ಲ ಸಾರಿ ಬಂದಳಲ್ಲ, ಇಲ್ಲಿ ನೋಡಿದರೆ ನಾವು ಮೂವರು ದಿನವಿಡೀ ಶಾಲೆಗಳ ಮುಂದೆ ನಿಂತು ಕಂಬ ನೋಡುವುದೇ ಕೆಲಸ. ಹೊಸ ಕೈಪಿಡಿ ಬರೆಯುವ ಮೊದಲು ‘ಮಕ್ಕಳು ದಾಟುವ ಜಾಗ’ದ ಬೋರ್ಡು ಯಾವ ದೇಶದಲ್ಲಿ ಹೇಗಿದೆ ಎಂದು ನೋಡಿ ವರದಿ ಕೊಡಬೇಕಂತೆ. ಜೊತೆಗೆ ಬಂದವರಲ್ಲಿ ಒಬ್ಬರು ಎಂಜಿನಿಯರು, ಯಾರು ಏನು ಹೇಳಿದರೂ ‘ಹೌದು’ ಎನ್ನುತ್ತಾರೆ. ಅವರಿಗೆ ಹೌದಪ್ಪ ಎಂದು ಹೆಸರಿಟ್ಟಿದ್ದೇನೆ. ಇನ್ನೊಬ್ಬರು ಪ್ರೊಫೆಸರು, ನಾನು ಆಕಳಿಸಿದ್ದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅವರು ಟಿಪ್ಪಣಿ.

ಇಲ್ಲಿಯ ಬೋರ್ಡು ಕೆಂಪು ಅಂಚಿನ ತ್ರಿಕೋನ. ಒಳಗೆ ಕಪ್ಪು ಬಣ್ಣದ ಇಬ್ಬರು ಮಕ್ಕಳು. ಇಬ್ಬರಿಗೂ ಕುತ್ತಿಗೆಯೇ ಇಲ್ಲ. ತಲೆ ಮೇಲೆಲ್ಲೋ ತೇಲುತ್ತದೆ, ಮುಂಡ ಕೆಳಗೆ ತನ್ನ ಪಾಡಿಗೆ ನಡೆಯುತ್ತದೆ. ಕುತ್ತಿಗೆ ಬರೆಯಲು ಬಾರದವರು ಅದಕ್ಕೆ ಸರಳತೆ ಎನ್ನುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅದಕ್ಕಿಂತ ತಮಾಷೆ, ಹುಡುಗಿ ಮುಂದಿದ್ದಾಳೆ, ದೊಡ್ಡವಳಾಗಿ. ಹಿಂದೆ ಒಂದು ಪುಟ್ಟ ಹುಡುಗನನ್ನು ಚೀಲ ಎಳೆದಂತೆ ಎಳೆದುಕೊಂಡು ಹೋಗುತ್ತಿದ್ದಾಳೆ. ಟಿಪ್ಪಣಿಯವರು ಅದನ್ನೂ ಬರೆದುಕೊಂಡರು.

ನಾನು ಬರೆದ ಬೋರ್ಡಿನ ಬೆಲೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಹುಡುಗ ಮುಂದೆ, ಹುಡುಗಿ ಅವನ ಕೈ ಹಿಡಿದು ಹಿಂದೆ, ಇಬ್ಬರಿಗೂ ಕುತ್ತಿಗೆ ಇದೆ. ನಿನ್ನನ್ನೂ ನಿನ್ನ ತಮ್ಮನನ್ನೂ ಹಿತ್ತಲಲ್ಲಿ ನಿಲ್ಲಿಸಿ ಬರೆದದ್ದು. ನಿನಗೆ ಏಳು ವರ್ಷ, ಅವನಿಗೆ ನಾಲ್ಕು. ಹುಡುಗನೇ ಮುಂದಿರಲಿ, ಅವನೇ ದೊಡ್ಡವನಾಗಿರಲಿ ಎಂದು ಆಗಿನ ದೊಡ್ಡ ಎಂಜಿನಿಯರು ಹಟ ಹಿಡಿದ ಕಥೆ ನಿನಗೆ ಗೊತ್ತೇ ಇದೆ. ಮೂವತ್ತೈದು ವರ್ಷದಿಂದ ಅದರಲ್ಲಿ ಒಂದು ಗೆರೆ ಬದಲಾಗಿಲ್ಲ. ಈ ವರದಿಯಲ್ಲೂ ಬದಲಾಗದಂತೆ ನೋಡಿಕೊಳ್ಳುತ್ತೇನೆ.

ಕಾರ್ಖಾನೆಯಲ್ಲಿ ತಗಡು ಕತ್ತರಿಸುವಾಗ ಗಡಿಬಿಡಿ ಮಾಡಬೇಡ. ಹೋದ ತಿಂಗಳು ನೀನು ಮಾಡಿಸಿದ ‘ನಿಲ್ಲಿ’ ಬೋರ್ಡಿನ ಮೂಲೆ ಸೊಟ್ಟಗಿತ್ತು.

ಇಷ್ಟೇ ಸದ್ಯಕ್ಕೆ,
ಅಪ್ಪ


ಫೆಬ್ರವರಿ ೨೪
ಫಲಕ ಕಾರ್ಖಾನೆ, ಮಧ್ಯಾಹ್ನದ ಬಿಡುವು

ಅಪ್ಪಾ,

ಮೂಲೆ ಸೊಟ್ಟಗಿರಲಿಲ್ಲ. ನೀವು ನೋಡಿದ್ದು ಲಾರಿ ಗುದ್ದಿದ ಕಂಬವನ್ನು. ಆರು ಜನ ಕೆಲಸದವರನ್ನು ಇಟ್ಟುಕೊಂಡು ಹನ್ನೊಂದು ವರ್ಷದಿಂದ ಈ ಕಾರ್ಖಾನೆ ನಡೆಸುತ್ತಿದ್ದೇನೆ. ನನ್ನ ಬೋರ್ಡಿನಲ್ಲಿ ತಪ್ಪು ಕಂಡುಹಿಡಿಯಲು ಕಂಬವನ್ನೇ ಬಗ್ಗಿಸಿ ನೋಡಬೇಕಾದವರು ನೀವೊಬ್ಬರೇ.

ಕುತ್ತಿಗೆಯ ವಿಷಯ ಓದಿ ನಕ್ಕೆ. ಆದರೆ ನೀವು ತಮಾಷೆ ಎಂದದ್ದು ನನಗೆ ತಮಾಷೆಯಾಗಿ ಕಾಣಲಿಲ್ಲ. ಹುಡುಗಿಯನ್ನು ಮುಂದೆ ಬಿಟ್ಟ ದೇಶವೂ ಇದೆ, ಅಲ್ಲಿ ವಾಹನಗಳು ನಿಲ್ಲುತ್ತವೆ, ಆಕಾಶ ಕಳಚಿ ಬಿದ್ದಿಲ್ಲ. ಹೋದ ವರ್ಷ ನಮ್ಮಲ್ಲಿ ಈ ಬೋರ್ಡು ಮುನ್ನೂರ ಎಂಬತ್ತು ತಯಾರಾದವು. ಅಷ್ಟು ಸಲ ನನ್ನನ್ನು ನಾನೇ ಗಿಡ್ಡ ಮಾಡಿ, ತಮ್ಮನ ಹೆಗಲಿನ ಮಟ್ಟಕ್ಕೆ ಇಳಿಸಿ, ಅವನ ಹಿಂದೆ ನಿಲ್ಲಿಸಿ, ಒಣಗಲು ಇಟ್ಟಿದ್ದೇನೆ. ಶಾಲೆಯಲ್ಲಿ ಬೋರ್ಡಿನಲ್ಲಿರುವುದು ನಾನೇ ಎಂದರೆ ಯಾರೂ ನಂಬುತ್ತಿರಲಿಲ್ಲ. “ನೀನೇ ಆದ್ರೆ ನಿನ್ನ ಅಣ್ಣ ಎಲ್ಲಿ?” ಎಂದು ಕೇಳುತ್ತಿದ್ದರು. ನನಗೆ ಅಣ್ಣನೇ ಇಲ್ಲ, ನಾನೇ ಅಕ್ಕ ಎಂದರೆ ಸುಳ್ಳಿ ಎಂದರು. ಆ ದೊಡ್ಡ ಎಂಜಿನಿಯರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಈಗ ನಿಮ್ಮ ಮೇಲೆ ಯಾವ ದೊಡ್ಡ ಎಂಜಿನಿಯರೂ ಇಲ್ಲ. ಇರುವವರು ಹೌದಪ್ಪ. ವರದಿಯಲ್ಲಿ ಒಂದು ಸಾಲು ಬರೆಯಿರಿ: ಹುಡುಗಿ ಮುಂದೆ, ದೊಡ್ಡವಳಾಗಿ. ಈ ಕೈಪಿಡಿ ಅಚ್ಚಾದರೆ ಇನ್ನು ಮೂವತ್ತು ವರ್ಷ ಯಾರೂ ಅದನ್ನು ಮುಟ್ಟುವುದಿಲ್ಲ. ಅಷ್ಟರಲ್ಲಿ ನಾನೂ ನಿವೃತ್ತಳಾಗಿರುತ್ತೇನೆ, ಬೋರ್ಡಿನಲ್ಲಿ ಇನ್ನೂ ಅವನ ಹಿಂದೆಯೇ ಇರುತ್ತೇನೆ. ಬೇರೇನೂ ಕೇಳುತ್ತಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ನೀವಿಲ್ಲದೆ ಮನೆ ತಣ್ಣಗಿದೆ ಎನ್ನುತ್ತಾಳೆ, ಅದನ್ನು ಬೇಸರದಿಂದ ಹೇಳಿದಂತೆ ಕಾಣಲಿಲ್ಲ.

ಉತ್ತರ ಕಾಯುತ್ತಾ,
ನಿಮ್ಮ ಮಗಳು


ಮಾರ್ಚ್ ೨೮
ಎರಡನೆಯ ದೇಶ

ಮಗಳೇ,

ಇಲ್ಲಿ ಎಲ್ಲ ಎಚ್ಚರಿಕೆಯ ಬೋರ್ಡೂ ಹಳದಿ. ಕಾಮಾಲೆಯಾದವನ ಕಣ್ಣಿಗೆ ಕಾಣುವುದೆಲ್ಲ ಹಳದಿ ಎನ್ನುತ್ತಾರಲ್ಲ, ಆ ಕಾಮಾಲೆಯವನೇ ಇಲ್ಲಿ ಅಧಿಕಾರಿಯಾಗಿರಬೇಕು. ಮಕ್ಕಳ ಬೋರ್ಡು ಮೂಲೆಯ ಮೇಲೆ ನಿಲ್ಲಿಸಿದ ಚೌಕ. ಹುಡುಗನ ತಲೆಗೆ ಟೋಪಿ, ಕೈಯಲ್ಲಿ ಪೆಟ್ಟಿಗೆ. ಹುಡುಗಿಯ ಕೈಯಲ್ಲೂ ಪೆಟ್ಟಿಗೆ. ಇವರನ್ನು ನೋಡಿದರೆ ಯಾವ ಚಾಲಕನಿಗೂ ಮಕ್ಕಳು ಎನಿಸುವುದಿಲ್ಲ, ವಿಮೆ ಮಾಡಿಸಲು ಬಂದ ಏಜೆಂಟರು ಎಂದು ಇನ್ನೂ ಜೋರಾಗಿ ಓಡಿಸುತ್ತಾನೆ.

ನೀನು ಕೇಳಿದ್ದು ಆಗುವುದಿಲ್ಲ. ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಒಂದು ನಕ್ಷೆಯನ್ನು ಮನೆಯವರ ಮುನಿಸಿಗಾಗಿ ತಿದ್ದುವುದಿಲ್ಲ. ನಲವತ್ತೆರಡು ವರ್ಷದ ಹೆಂಗಸು ತಗಡಿನ ಮೇಲಿನ ಹುಡುಗಿಗಾಗಿ ಜಗಳಕ್ಕೆ ಬರುವುದು ಚೆಂದವಲ್ಲ.

ಈಗ ಒಂದು ಕೆಲಸ. ಇಲ್ಲಿಯ ಸಂಶೋಧನಾ ಕಚೇರಿಯ ಮುಖ್ಯಸ್ಥೆ, ದಪ್ಪ ಕನ್ನಡಕದ ಹೆಂಗಸು, ನಿನ್ನೆ ಗೋಡೆಯ ಮೇಲೆ ಹತ್ತು ಹನ್ನೆರಡು ದೇಶಗಳ ಬೋರ್ಡು ಅಂಟಿಸಿದ್ದಳು. ನಮ್ಮದರ ಮುಂದೆ ನಿಂತು, “ಈ ದೊಡ್ಡ ಹುಡುಗ ಆ ಪುಟ್ಟ ಹುಡುಗೀನ ಎಲ್ಲಿಗೆ ಎಳ್ಕೊಂಡು ಹೋಗ್ತಿದಾನೆ? ಅವಳಿಗೆ ಇಷ್ಟ ಇದ್ದ ಹಾಗಿಲ್ಲ” ಎಂದಳು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಹೌದಪ್ಪ ಹೌದು ಎಂದರು. ನನ್ನ ಮೈ ಉರಿದುಹೋಯಿತು. ಅದು ನನ್ನ ಆಯ್ಕೆಯಲ್ಲ, ಮೇಲಿನವರ ಆಜ್ಞೆ ಎಂದೆ. ಹಾಗಾದರೆ ಆಜ್ಞೆ ತೋರಿಸಿ, ನನ್ನ ಪುಸ್ತಕದಲ್ಲಿ ಹಾಕುತ್ತೇನೆ ಎಂದಳು.

ಇಲಾಖೆಯ ದಾಖಲೆ ಕೋಣೆಗೆ ಹೋಗು. ಒಳಗಿನ ಸಾಲಿನ ಕೊನೆಯ ಕಪಾಟು, ‘ಮಕ್ಕಳ ಫಲಕ’ ಎಂಬ ಕಡತ. ಅದರಲ್ಲಿ ದೊಡ್ಡ ಎಂಜಿನಿಯರ ಆಜ್ಞೆ ಇರುತ್ತದೆ. ಪ್ರತಿ ಮಾಡಿಸಿ ರಿಜಿಸ್ಟರ್ ಅಂಚೆಯಲ್ಲಿ ಮುಂದಿನ ದೇಶದ ವಿಳಾಸಕ್ಕೆ ಕಳಿಸು. ಆ ಕನ್ನಡಕದವಳ ಬಾಯಿ ಮುಚ್ಚಿಸಬೇಕು.

ಮರೆಯಬೇಡ,
ಅಪ್ಪ


ಏಪ್ರಿಲ್ ೧೪
ಮನೆ, ಅಡುಗೆಮನೆಯ ಮೇಜು

ಅಪ್ಪಾ,

ದಾಖಲೆ ಕೋಣೆಯ ಗುಮಾಸ್ತ ಕೀಲಿ ಹುಡುಕಲು ಎರಡು ದಿನ ತೆಗೆದುಕೊಂಡ. ಕಡತ ನೀವು ಹೇಳಿದ ಕಪಾಟಿನಲ್ಲೇ ಇತ್ತು. ನಿಮ್ಮ ಜ್ಞಾಪಕಶಕ್ತಿ ಅಲ್ಲಿಯವರೆಗೆ ಸರಿಯಾಗಿದೆ.

ಅದರಲ್ಲಿ ಆಜ್ಞೆ ಇಲ್ಲ. ಇರುವುದು ಮೂರು ಹಾಳೆ. ಮೊದಲನೆಯದು ನಿಮ್ಮ ಪೆನ್ಸಿಲ್ ಚಿತ್ರ. ಹುಡುಗಿ ಮುಂದಿದ್ದಾಳೆ, ತಮ್ಮನಿಗಿಂತ ಒಂದು ತಲೆ ಎತ್ತರ. ನನ್ನ ಎರಡು ಜಡೆಯೂ ಇವೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಹೊಡೆದಿದೆ. ಎರಡನೆಯದು ಈಗಿನ ಬೋರ್ಡು. ಮೂರನೆಯದು ಟಿಪ್ಪಣಿ ಹಾಳೆ. ದೊಡ್ಡ ಎಂಜಿನಿಯರು ಹಸಿರು ಶಾಯಿಯಲ್ಲಿ ಬರೆದಿದ್ದಾರೆ: “ಎರಡು ಚಿತ್ರವೂ ದೂರದಿಂದ ಸ್ಪಷ್ಟವಾಗಿ ಕಾಣುತ್ತವೆ. ಯಾರು ಮುಂದಿದ್ದರೂ ಅಭ್ಯಂತರವಿಲ್ಲ. ನಕ್ಷೆಗಾರರ ಇಷ್ಟ.” ಅದರ ಕೆಳಗೆ ನಿಮ್ಮ ಅಕ್ಷರ: “ಹುಡುಗ ಮುಂದೆ, ದೊಡ್ಡವನಾಗಿ. ಹುಡುಗಿ ಹಿಂದೆ. ಇದೇ ಸಹಜ.” ಸಹಿ, ದಿನಾಂಕ ಎರಡೂ ಇವೆ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಗುಮಾಸ್ತ ನೀರು ಬೇಕಾ ಎಂದು ಕೇಳಿದ.

ಆ ದೊಡ್ಡ ಎಂಜಿನಿಯರು ತೀರಿಕೊಳ್ಳುವ ಹಿಂದಿನ ವರ್ಷ ಅವರ ಹೆಂಡತಿ ಕಾರ್ಖಾನೆಗೆ ಬಂದಿದ್ದರು. ಯಜಮಾನರಿಗೆ ಕಣ್ಣು ಮಂದವಾಗಿದೆ, ಮನೆಯ ನಂಬರು ದೊಡ್ಡದಾಗಿ ಬರೆದುಕೊಡಮ್ಮ ಎಂದರು. ನಾನು ಇಲ್ಲಿ ಖಾಸಗಿ ಕೆಲಸ ಮಾಡುವುದಿಲ್ಲ ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದೆ. ಹತ್ತು ನಿಮಿಷದ ಕೆಲಸ ಅದು. ಅವರು ಯಾಕೆ ಎಂದು ಕೂಡ ಕೇಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಬರೆಯ ಕಬ್ಬಿಣ ನನ್ನ ಕೈಗೆ ಕೊಟ್ಟವರು ನೀವು.

ನೀವು ಹೇಳಿದ ಗಾದೆಯಲ್ಲಿ ತಾನಿದ್ದಾನೆ, ಮಗನಿದ್ದಾನೆ, ಆಳೂ ಇದ್ದಾನೆ. ಮಗಳಿಗೆ ಜಾಗವೇ ಇಲ್ಲ, ನೋಡಿದ್ದೀರಾ?

ಮೂರೂ ಹಾಳೆಯ ಪ್ರತಿ ಇದರೊಂದಿಗೆ ಇದೆ. ಕನ್ನಡಕದವರಿಗೆ ತೋರಿಸಿ.

ಮಗಳು


ಮೇ ೯
ಮೂರನೆಯ ದೇಶ

ಮಗಳೇ,

ಇಲ್ಲಿ ಚಹಾ ಎಂದು ಬಿಸಿನೀರು ಕೊಡುತ್ತಾರೆ. ಬೋರ್ಡಿನಲ್ಲಿ ಮಕ್ಕಳು ಮನೆಗೆ ಬೆಂಕಿ ಬಿದ್ದವರ ಹಾಗೆ ಓಡುತ್ತಾರೆ, ಕೂದಲು ಹಾರುತ್ತಿದೆ, ಒಂದು ಕಾಲು ಅಂಚಿನಿಂದ ಆಚೆಗೇ ಹೋಗಿದೆ. ಒಳಗೆ ಹಿಡಿಸುವಂತೆ ಬರೆಯಲು ಬಾರದಿದ್ದರೆ ಚಿಕ್ಕದಾಗಿ ಬರೆಯಬೇಕು. ಕಂಬಕ್ಕೆ ಹೊಡೆದ ಬೋಲ್ಟುಗಳೂ ತುಕ್ಕು ಹಿಡಿದಿವೆ. ಟಿಪ್ಪಣಿಯವರಿಗೆ ನೆಗಡಿ. ಹೌದಪ್ಪನವರಿಗೆ ಊರಿನ ನೆನಪು.

ನಾನು ಕೇಳಿದ ಪ್ರತಿ ಇನ್ನೂ ಕೈಸೇರಿಲ್ಲ. ಈ ದೇಶದ ಅಂಚೆಯವರನ್ನು ನಂಬುವಂತಿಲ್ಲ. ಕನ್ನಡಕದವಳೂ ಮತ್ತೆ ಕೇಳಲಿಲ್ಲ, ಆದ್ದರಿಂದ ಇನ್ನು ಅದರ ಅಗತ್ಯವೂ ಇಲ್ಲ. ಆ ಕಡತವನ್ನು ಇದ್ದಲ್ಲೇ ಇಟ್ಟುಬಿಡು.

ನಿನ್ನ ಅಮ್ಮನ ಮಂಡಿನೋವು ಹೇಗಿದೆ? ನಿನ್ನ ತಮ್ಮನ ಗಾಜಿನ ಅಂಗಡಿ ಹೇಗೆ ನಡೆದಿದೆ?

ಅಪ್ಪ


ಮೇ ೨೫
ಫಲಕ ಕಾರ್ಖಾನೆ

ಅಪ್ಪಾ,

ರಿಜಿಸ್ಟರ್ ಮಾಡಿ ಎಂದವರು ನೀವೇ. ಅದರ ಸ್ವೀಕೃತಿ ಚೀಟಿ ಇವತ್ತು ವಾಪಸ್ ಬಂತು. ಏಪ್ರಿಲ್ ೨೯ರಂದು ಪಡೆದುಕೊಂಡಿದ್ದೀರಿ. ಸಹಿ ನಿಮ್ಮದೇ, ಕೊನೆಯ ಅಕ್ಷರದ ಬಾಲ ಸಹಿತ.

ಅಮ್ಮನ ಮಂಡಿ ಹಾಗೇ ಇದೆ. ತಮ್ಮ ಅಂಗಡಿಯ ಗಾಜು ಒರೆಸುತ್ತಿದ್ದಾನೆ. ನೀವು ಊರು ಬಿಟ್ಟು ಊರಿಗೆ ಹೋಗಿ ಕಂಡವರ ಕುತ್ತಿಗೆ, ಕಾಲು, ಬೋಲ್ಟು ಎಲ್ಲವನ್ನೂ ಹೀಗಳೆಯುತ್ತಿದ್ದೀರಿ. ಹೀಗಳೆಯುವುದಕ್ಕೆ ಧೈರ್ಯ ಬೇಕಿಲ್ಲ ಎಂದು ನನಗೆ ಈಗ ತಿಳಿಯಿತು.

ಇನ್ನು ನಾನಾಗಿ ಬರೆಯುವುದಿಲ್ಲ.


ಜುಲೈ ೨
ನಾಲ್ಕನೆಯ ದೇಶ

ಮಗಳೇ,

ಇದನ್ನು ಆರನೇ ಸಲ ಬರೆಯುತ್ತಿದ್ದೇನೆ. ಮೊದಲ ಐದರಲ್ಲಿ ಇಲ್ಲಿಯ ಬೋರ್ಡನ್ನು ಬೈದಿದ್ದೆ. ಇಲ್ಲಿಯದು ಅಷ್ಟೇನೂ ಕೆಟ್ಟದಾಗಿಲ್ಲ.

ಎಂಜಿನಿಯರು ಏನೂ ಹೇಳಿರಲಿಲ್ಲ. ಮಾಡಿದ್ದು ನಾನು. ಆ ದಿನ ಹಿತ್ತಲಲ್ಲಿ ನಿಮ್ಮಿಬ್ಬರಿಗೂ ಓಡಲು ಹೇಳಿದೆ. ನೀನು ಓಡಿದೆ. ಅವನು ನಾಲ್ಕು ಹೆಜ್ಜೆ ಇಟ್ಟು ಅಳುತ್ತಾ ಕೂತುಬಿಟ್ಟ. ನೀನು ತಿರುಗಿ ಬಂದು, ಅವನ ಮೂಗು ಒರೆಸಿ, ಕೈ ಹಿಡಿದು ಎಬ್ಬಿಸಿಕೊಂಡು ಹೋದೆ. ನಾನು ಕಂಡದ್ದನ್ನೇ ಬರೆದೆ. ಬರೆದು ದೂರ ಇಟ್ಟು ನೋಡಿದಾಗ ನಾಚಿಕೆಯಾಯಿತು. ನನ್ನ ಮಗ ಅಕ್ಕನ ಕೈಯಲ್ಲಿ ಎಳೆಸಿಕೊಂಡು ಹೋಗುವುದನ್ನು ಕಂಡಕಂಡ ಚಾಲಕರೆಲ್ಲ ನೋಡಬೇಕೇ ಎನಿಸಿತು. ಅವನನ್ನು ದೊಡ್ಡವನನ್ನಾಗಿ ಮಾಡಿದೆ. ತ್ರಿಕೋನದಲ್ಲಿ ಇರುವ ಜಾಗ ಅಷ್ಟೇ, ಒಬ್ಬರು ದೊಡ್ಡವರಾದರೆ ಇನ್ನೊಬ್ಬರು ಚಿಕ್ಕವರಾಗಬೇಕು. ನಿನ್ನನ್ನು ಚಿಕ್ಕವಳನ್ನಾಗಿ ಮಾಡಿದೆ. ಜಡೆ ಅಳಿಸಿದೆ, ಬಣ್ಣ ಹಾಕುವಾಗ ತೊಡಕು ಎಂದು ನನಗೆ ನಾನೇ ಹೇಳಿಕೊಂಡೆ.

ಮೊದಲ ಬೋರ್ಡು ನಿಮ್ಮ ಶಾಲೆಯ ಮುಂದೆ ಏರಿದ ದಿನ ನೀನು ಅಳುತ್ತಾ ಮನೆಗೆ ಬಂದೆ. ಯಾರು ಹೀಗೆ ಮಾಡಿದ್ದು ಎಂದು ನನ್ನನ್ನು ಕೇಳಿದೆ. ಆಗ ನನ್ನ ಬಾಯಿಗೆ ಬಂದ ಹೆಸರು ಎಂಜಿನಿಯರದು. ಹೇಳಿ ಹೇಳಿ ಕೊನೆಗೆ ನನಗೇ ಅದು ನಿಜವಾಗಿಬಿಟ್ಟಿತ್ತು. ಇಲ್ಲದಿದ್ದರೆ ಆ ಕಡತ ಹುಡುಕಲು ನಿನ್ನನ್ನೇ ಕಳಿಸುತ್ತಿದ್ದೆನೇ? ನಿನ್ನ ಲಕೋಟೆ ಒಡೆದು ನನ್ನ ಅಕ್ಷರ ನೋಡಿದಾಗ ಮೊದಲು ಯಾರೋ ನಕಲಿ ಮಾಡಿದ್ದಾರೆ ಎಂದುಕೊಂಡೆ. ನಾನು ಎಂಥ ಅಲ್ಪ ಮನುಷ್ಯ ಎಂದು ಹೋಟೆಲಿನ ಕುರ್ಚಿಯಲ್ಲಿ ಕೂತು ತಿಳಿದುಕೊಂಡೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಯಿತು.

ಹೋದ ತಿಂಗಳು ವರದಿಯ ಸಭೆಯಲ್ಲಿ ಟಿಪ್ಪಣಿಯವರು ನಮ್ಮ ಬೋರ್ಡನ್ನು ಹಾಗೇ ಉಳಿಸಬಹುದು ಎಂದು ಓದಿದರು. ನಾನು ಎದ್ದು ನಿಂತು, ನಾಲ್ಕು ದೇಶದಲ್ಲಿ ನೋಡಿದ್ದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ನಮ್ಮದು, ಬೇರೆಯವರಿಗೆ ಬರೆಯಲು ಬಾರದು, ನಾನು ಬರೆಯಲು ಬಂದೂ ಸುಳ್ಳು ಬರೆದೆ ಎಂದೆ. ಹೌದಪ್ಪನವರು ಮೊದಲ ಸಲ ‘ಹೌದಾ?’ ಎಂದು ಕೇಳಿದರು. ಮೂರು ಹಾಳೆಯನ್ನೂ ಮೇಜಿನ ಮೇಲಿಟ್ಟೆ. ಕನ್ನಡಕದವಳಿಗೂ ಒಂದು ಪ್ರತಿ ಕಳಿಸಿದ್ದೇನೆ.

ಹೊಸದನ್ನು ನೀವೇ ಬರೆಯಿರಿ ಎಂದರು. ಒಂದು ವಾರ ಕೂತೆ. ಏನು ಮಾಡಿದರೂ ಹುಡುಗಿ ಚಿಕ್ಕವಳಾಗಿಯೇ ಬರುತ್ತಾಳೆ. ಕೈ ಅದನ್ನೇ ಕಲಿತುಬಿಟ್ಟಿದೆ. ಕೊನೆಗೆ, ನಮ್ಮ ಫಲಕ ಕಾರ್ಖಾನೆಯಲ್ಲಿ ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ, ಅವರಿಗೆ ಕೊಡಿ ಎಂದು ಬರೆದುಕೊಟ್ಟೆ. ಈ ಮಾತನ್ನು ನಿನಗೆ ಹನ್ನೊಂದು ವರ್ಷದಲ್ಲಿ ಒಂದು ಸಲವಾದರೂ ಹೇಳಬೇಕಿತ್ತು.

ಆಜ್ಞೆ ನಿನಗೆ ನೇರವಾಗಿ ಬರುತ್ತದೆ. ಬರೆದಾದ ಮೇಲೆ ಇಲಾಖೆಗೆ ಕೊಡುವ ಮುಂಚೆ ನನಗೊಂದು ಪ್ರತಿ ಕಳಿಸು. ಸಣ್ಣಪುಟ್ಟದ್ದು ಇದ್ದರೆ ತಿದ್ದಿಕೊಡುತ್ತೇನೆ.

ಅಪ್ಪ


ಆಗಸ್ಟ್ ೨೦
ಫಲಕ ಕಾರ್ಖಾನೆ

ಅಪ್ಪಾ,

ಬರೆಯುವುದಿಲ್ಲ ಎಂದವಳು ಬರೆಯುತ್ತಿದ್ದೇನೆ. ನಿಮ್ಮ ಪತ್ರವನ್ನು ತಮ್ಮನಿಗೂ ಓದಿ ಹೇಳಿದೆ. ಅವನು ಗಾಜು ಒರೆಸುವುದನ್ನು ಬಿಟ್ಟು, “ನಾನು ಅತ್ತಿದ್ದು ನನಗೆ ಯಾವತ್ತೂ ನಾಚಿಕೆ ಅನಿಸಿಲ್ಲ. ಆ ಬೋರ್ಡು ನೋಡಿದಾಗೆಲ್ಲ ನಾಚಿಕೆ ಆಗ್ತಿತ್ತು. ಅದರಲ್ಲಿರೋನು ನಾನಲ್ಲ ಅಂತ ನಂಗೆ ಗೊತ್ತಿತ್ತಲ್ಲ” ಎಂದ. ನಾನು ಇಷ್ಟು ವರ್ಷ ಅವನ ಮೇಲೂ ಸಣ್ಣಗೆ ಮುನಿಸಿಕೊಂಡಿದ್ದೆ ಎಂದು ಆಗ ಗೊತ್ತಾಯಿತು. ಅದಕ್ಕೂ ಸೇರಿಸಿ ನಿಮ್ಮ ಮೇಲೆ ಸಿಟ್ಟಿದೆ, ಇನ್ನೂ ಇಳಿದಿಲ್ಲ.

ದೊಡ್ಡ ಎಂಜಿನಿಯರ ಮನೆಗೆ ಹೋಗಿ ಬಂದೆ. ಅವರ ಹೆಂಡತಿಗೆ ನಡೆದದ್ದೆಲ್ಲ ಹೇಳಿದೆ. ಕ್ಷಮೆ ಕೇಳಿದೆ. ಆ ತಾಯಿ, “ಅಯ್ಯೋ, ಅವರು ಇದ್ದಷ್ಟು ದಿನ ಬೈಸಿಕೊಂಡೇ ಇದ್ದವರಮ್ಮ, ಇನ್ನೊಂದು ಸೇರಿತು” ಎಂದು ಕಾಫಿ ಕೊಟ್ಟರು. ನೀವೂ ಹೋಗಬೇಕು. ಇದು ಸಲಹೆಯಲ್ಲ.

ಚಿತ್ರಕ್ಕೆ ನಮ್ಮ ಬೀದಿ ಮೂಲೆಯ ಶಾಲೆಯ ಒಬ್ಬ ಹುಡುಗಿಯನ್ನು, ಅವಳ ಪುಟ್ಟ ತಮ್ಮನನ್ನು ಅವರ ಅಮ್ಮನ ಒಪ್ಪಿಗೆ ತೆಗೆದುಕೊಂಡು ಅಂಗಳದಲ್ಲಿ ನಿಲ್ಲಿಸಿದೆ. ಓಡು ಎಂದೆ. “ನಾನ್ಯಾಕೆ ಓಡ್ಬೇಕು? ನಿಲ್ಲಬೇಕಾಗಿರೋದು ಗಾಡಿಯವರಲ್ವಾ?” ಎಂದಳು. ನಾನು ಪೆನ್ಸಿಲ್ ಕೆಳಗಿಟ್ಟೆ. ಇಷ್ಟು ದೇಶಗಳ ಬೋರ್ಡಿನ ವಿಷಯ ಬರೆದಿರಿ, ಕುತ್ತಿಗೆ ಎಂದಿರಿ, ಪೆಟ್ಟಿಗೆ ಎಂದಿರಿ, ಈ ಒಂದು ಪ್ರಶ್ನೆ ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅವಳನ್ನು ಅವಳಷ್ಟಕ್ಕೆ ನಡೆಯಲು ಬಿಟ್ಟೆ. ತಮ್ಮನ ಕೈ ಹಿಡಿದು, ಮುಖವನ್ನು ಬರುವ ವಾಹನದ ಕಡೆ ತಿರುಗಿಸಿ, ಆತುರವಿಲ್ಲದೆ ನಡೆದಳು. ಅದನ್ನೇ ಬರೆದಿದ್ದೇನೆ.

ನಿಮಗೆ ಪ್ರತಿ ಕಳಿಸುವುದಿಲ್ಲ. ತಿದ್ದುವುದಕ್ಕೆ ಏನೂ ಇಲ್ಲ, ಇದ್ದರೂ ಅದು ನನ್ನ ತಪ್ಪಾಗಿರಲಿ. ಇಲಾಖೆ ಹೋದ ವಾರ ಒಪ್ಪಿತು. ಮೊದಲನೆಯದನ್ನು ನಿನ್ನೆ ನಾನೇ ಏಣಿ ಹತ್ತಿ ಮೂಲೆಯ ಶಾಲೆಯ ಮುಂದೆ ಹಾಕಿದೆ. ನೀವು ತಿಂಗಳ ಕೊನೆಗೆ ಬರುವಾಗ ಟ್ಯಾಕ್ಸಿ ಆ ದಾರಿಯಲ್ಲೇ ಬರುತ್ತದೆ. ಎಲ್ಲರಿಗೂ ಸಿಗುವಷ್ಟೇ ಹೊತ್ತು ನಿಮಗೂ ಸಿಗುತ್ತದೆ, ಎರಡು ಸೆಕೆಂಡು. ಟ್ಯಾಕ್ಸಿಯವನಿಗೆ ನಿಧಾನ ಮಾಡಪ್ಪ ಎಂದು ನೀವು ಹೇಳಬೇಡಿ. ಅವಳು ಹೇಳುತ್ತಾಳೆ.

ನಿಮ್ಮ ದೊಡ್ಡ ಮಗಳು